ಕಾಲು ಬಂತು, ಕೈ ಏಕೆ ಬರಲಿಲ್ಲ?

ಹುಬ್ಬಳ್ಳಿಯಲ್ಲಿ ಫಿಸಿಯೋಥೆರಪಿ ಮಾಡುವ ನನ್ನನ್ನು ಲಕ್ವ ಹೊಡೆದವರ ಮನೆಯವರು ಹೆಚ್ಚಾಗಿ ಕೇಳುವುದು ಒಂದೇ ಪ್ರಶ್ನೆ: “ಕಾಲು ಬಂತ್ರೀ, ಕೈ ಯಾಕ ಬರವಲ್ದು?” ಕುಂದಗೋಳದವರೂ ನವಲಗುಂದದವರೂ ಇದನ್ನೇ ಕೇಳುತ್ತಾರೆ. ಕೈಯ ಕಡೆಗೆ ನಾನು ಲಕ್ಷ್ಯವನ್ನೇ ಕೊಡುತ್ತಿಲ್ಲವೇನೋ ಎಂಬ ಅನುಮಾನವೂ ಆ ದನಿಯಲ್ಲಿ ಸ್ವಲ್ಪ ಇರುತ್ತದೆ.

ಮೊದಲ ಕಾರಣ ಮಿದುಳಿನಲ್ಲಿದೆ. ಕೈಯನ್ನೂ ಮುಖವನ್ನೂ ಆಡಿಸುವ ಭಾಗ ಮಿದುಳಿನ ಹೊರಮೈಯಲ್ಲಿದ್ದು, ಅದಕ್ಕೆ ರಕ್ತ ಒದಗಿಸುವ ನಡುವಿನ ಧಮನಿಯೇ ಈ ಕಾಯಿಲೆಯಲ್ಲಿ ಹೆಚ್ಚಾಗಿ ಕಟ್ಟಿಕೊಳ್ಳುತ್ತದೆ. ಕಾಲಿನ ಭಾಗವಾದರೋ ಎರಡು ಅರೆಗೋಳಗಳ ನಡುವಿನ ಒಳಮೈಯಲ್ಲಿದ್ದು, ಬಹುಪಾಲು ಮುಂಭಾಗದ ಬೇರೊಂದು ಧಮನಿಯಿಂದ ರಕ್ತ ಪಡೆಯುತ್ತದೆ. ಅಲ್ಲದೆ, ಬಿಗಿದ ಕಾಲನ್ನೇ ಊರಿಕೊಂಡು ಹೆಜ್ಜೆ ಹಾಕಬಹುದು, ಆದರೆ ಅಂಗಿಯ ಗುಂಡಿ ಹಾಕಬೇಕಾದರೆ ಬೆರಳುಗಳು ಬೇರೆ ಬೇರೆಯಾಗಿ ಆಡಲೇಬೇಕು.

ಎರಡನೆಯ ಕಾರಣ ಮನೆಯೊಳಗಿದೆ, ನನಗೆ ಹೆಚ್ಚು ಚಿಂತೆ ಹಚ್ಚುವುದೂ ಅದೇ. ಒಂದೇ ಕಾಲಿನಲ್ಲಿ ಯಾರೂ ಬಚ್ಚಲಿಗೆ ಹೋಗಲಾರರಾದ್ದರಿಂದ ಸೋತ ಕಾಲಿಗೆ ದಿನವೂ ಕೆಲಸ ಸಿಗುತ್ತದೆ. ಸೋತ ಕೈಯ ಕೆಲಸವನ್ನು ಮಾತ್ರ ಗಟ್ಟಿ ಕೈ ವಹಿಸಿಕೊಂಡುಬಿಡುತ್ತದೆ, ಮಿಕ್ಕದ್ದನ್ನು ಸೊಸೆಯೋ ಮಗನೋ ಪ್ರೀತಿಯಿಂದಲೇ ಮಾಡಿಕೊಡುತ್ತಾರೆ. ಅಮೆರಿಕದ ಸಂಶೋಧಕ ಎಡ್ವರ್ಡ್ ಟೌಬ್ ಮಂಗಗಳಲ್ಲಿ ಕಂಡದ್ದು ಇದನ್ನೇ: ಸ್ಪರ್ಶದ ಅರಿವು ಕಳೆದುಕೊಂಡ ಕೈ ಆಡುವಂತಿದ್ದರೂ ಅವು ಅದನ್ನು ಬಳಸುವುದನ್ನು ಬಿಟ್ಟಿದ್ದವು, ಇನ್ನೊಂದು ಕೈಯನ್ನು ಕಟ್ಟಿಹಾಕಿದಾಗ ಮತ್ತೆ ಬಳಸತೊಡಗಿದವು. ಇದರಿಂದ ರೂಪುಗೊಂಡ ಚಿಕಿತ್ಸೆಯಲ್ಲಿ ಎರಡು ವಾರ, ಎಚ್ಚರವಿರುವ ಹೊತ್ತಿನ ಬಹುಪಾಲು ಗಟ್ಟಿ ಕೈಗೆ ಗವಸು ತೊಡಿಸಿ, ಸೋತ ಕೈಯಿಂದಲೇ ಕೆಲಸ ಮಾಡಿಸುತ್ತಾರೆ. ಲಕ್ವ ಹೊಡೆದು ಮೂರರಿಂದ ಒಂಬತ್ತು ತಿಂಗಳಾಗಿದ್ದ 222 ಜನರಲ್ಲಿ ಇದನ್ನು ಪರೀಕ್ಷಿಸಿದಾಗ, ಸಾಮಾನ್ಯ ಆರೈಕೆಗಿಂತ ಹೆಚ್ಚಿನ ಸುಧಾರಣೆ ಕಂಡು, ಅದು ಒಂದು ವರ್ಷದ ನಂತರವೂ ಉಳಿದಿತ್ತು ಎಂಬುದು 2006ರಲ್ಲಿ ಪ್ರಕಟವಾಯಿತು.

ಗವಸು ಇಲ್ಲದಿದ್ದರೂ ತತ್ತ್ವವನ್ನು ಮನೆಗೆ ತರಬಹುದು. ಎಣ್ಣೆ ತಿಕ್ಕಿಸಿಕೊಳ್ಳುವಾಗ ಕೈ ಸುಮ್ಮನಿರುತ್ತದೆ; ಶೇಂಗಾ ಸುಲಿಯುವಾಗ, ರೊಟ್ಟಿ ಮುರಿಯುವಾಗ, ತಂಬಿಗೆ ಎತ್ತಿಡುವಾಗ ಮಿದುಳು ಅದಕ್ಕೆ ಆಜ್ಞೆ ಕಳಿಸಲೇಬೇಕಾಗುತ್ತದೆ. ಬ್ಯಾಡಗಿ ಕಡೆಯವರು ಮೆಣಸಿನಕಾಯಿಯ ತೊಟ್ಟು ಬಿಡಿಸಬಹುದೇ ಎಂದರೆ ಮಾತ್ರ ಬೇಡವೆನ್ನುತ್ತೇನೆ. ಅರಿವು ಕುಂದಿದ ಬೆರಳಿಗೆ ಖಾರ ಗೊತ್ತಾಗದಿದ್ದರೂ ಕಣ್ಣಿಗೆ ಗೊತ್ತಾಗುತ್ತದೆ. ಇನ್ನು ಎಲ್ಲರೂ ಅಕ್ಕರೆಯಿಂದ ತಂದುಕೊಡುವ ರಬ್ಬರ್ ಚೆಂಡು: ಬೆರಳುಗಳು ಮೊದಲೇ ಮುಷ್ಟಿಗಟ್ಟಿದ್ದರೆ ಅದನ್ನು ಹಿಸುಕಿಸುವುದು ನನಗೆ ಒಪ್ಪಿಗೆಯಿಲ್ಲ. ಅವರಿಗೆ ಬೇಕಾದದ್ದು ಬೆರಳು ಬಿಚ್ಚುವ ಅಭ್ಯಾಸ.

ಸುಧಾರಣೆಯ ವೇಗ ಮೊದಲ ಮೂರು ತಿಂಗಳಲ್ಲಿ ಹೆಚ್ಚು. ಆಮೇಲೆ ನಿಧಾನವಾಗುತ್ತದೆಯೇ ಹೊರತು ಬಾಗಿಲು ಮುಚ್ಚುವುದಿಲ್ಲ. ಆದರೆ ಮಣಿಕಟ್ಟು, ಬೆರಳು ಒಂದಿಷ್ಟೂ ಮೇಲೇಳದವರಿಗೆ ಗವಸಿನ ವಿಧಾನ ಹೊಂದುವುದಿಲ್ಲ. ಅಂಥವರ ಕೈ ಬಿಗಿಯದಂತೆ ನೋಡಿಕೊಳ್ಳಬೇಕು, ಕುಳಿತಾಗ ತೋಳಿನ ಕೆಳಗೆ ದಿಂಬು ಇಡಬೇಕು, ಹಾಸಿಗೆಯಿಂದ ಎಬ್ಬಿಸುವಾಗ ಆ ಕೈ ಹಿಡಿದು ಜಗ್ಗಲೇಬಾರದು. ಸ್ನಾಯುವಿನ ಹಿಡಿತ ತಪ್ಪಿದ ಭುಜದ ಕೀಲು ಜಾರಿದರೆ, ನೋವಿನಿಂದಾಗಿ ಅವರು ಆ ಕೈಯನ್ನು ಮುಟ್ಟಲೂ ಬಿಡುವುದಿಲ್ಲ.