ಕೂಸಿಗೆ ಎರೆದ ಮೇಲೆ ಬಾರಪ್ಪಾ

ದಾವಣಗೆರೆಯಲ್ಲಿ ನನ್ನದೊಂದು ಚಿಕ್ಕ ಸ್ಟುಡಿಯೋ ಇದೆ. ಹನ್ನೊಂದು ವರ್ಷದ ಹಿಂದೆ ಮದುವೆ ಫೋಟೋಗಳಿಂದ ಶುರು ಮಾಡಿದೆ. ಈಗ ಬಸುರಿಯರ ಫೋಟೋ, ಎಳೆಗೂಸಿನ ಫೋಟೋ, ಮನೆಮಂದಿಯ ಗ್ರೂಪ್ ಫೋಟೋ ಇವೇ ಜಾಸ್ತಿ.

ಮೊದಲ ಸಲ ಎಳೆಗೂಸಿನ ಫೋಟೋ ತೆಗೆಯಲು ಹೋದಾಗ ನನ್ನ ಬ್ಯಾಗು ನೋಡಿದ್ದರೆ ನೀವು ನಗುತ್ತಿದ್ದಿರಿ. ಎರಡು ಬೆತ್ತದ ಬುಟ್ಟಿ, ಕರಡಿ ಕಿವಿಯ ಉಣ್ಣೆ ಟೋಪಿ, ಲೈಟಿನ ಬೆಳಕನ್ನು ಮೆತ್ತಗೆ ಮಾಡುವ ಸಾಫ್ಟ್‌ಬಾಕ್ಸು, ಸಾಲದ್ದಕ್ಕೆ ರೂಮ್ ಹೀಟರ್. ಅದೂ ಏಪ್ರಿಲ್ ತಿಂಗಳಲ್ಲಿ, ದಾವಣಗೆರೆಯಲ್ಲಿ! ಯೂಟ್ಯೂಬ್‌ನಲ್ಲಿ ಹೇಳಿದ್ದನ್ನೆಲ್ಲ ಹೊತ್ತುಕೊಂಡು ಹೋಗಿದ್ದೆ. ಹಿಂದಿನ ದಿನ ಫೋನ್ ಮಾಡಿ, "ನಾನು ಹತ್ತಕ್ಕೆ ಬರ್ತೀನಿ, ಅಲ್ಲೀವರೆಗೆ ಸ್ನಾನ ಮಾಡಿಸಬೇಡಿ, ಎಣ್ಣೆ ಹಚ್ಚಿದ್ರೆ ಫೋಟೋದಲ್ಲಿ ಮುಖ ಹೊಳೆಯುತ್ತೆ" ಅಂತಲೂ ಹೇಳಿದ್ದೆ.

ಕೂಸು ಹತ್ತರಿಂದ ಮಧ್ಯಾಹ್ನ ಎರಡರವರೆಗೆ ಅತ್ತಿತು. ಮುನ್ನೂರು ಫೋಟೋ ತೆಗೆದೆ. ಕೊಡುವ ಹಾಗಿದ್ದದ್ದು ನಾಲ್ಕು. ಹೊರಡುವಾಗ ಆ ಮನೆಯ ಅಜ್ಜಿ ಬಾಗಿಲವರೆಗೆ ಬಂದು, "ಇನ್ನೊಂದ್ಸಲ ಕೂಸಿಗೆ ಎರೆದ ಮೇಲೆ ಬಾರಪ್ಪಾ. ಎರೆದು ಹಾಲು ಕುಡಿಸಿದ್ರೆ ಮೂರು ತಾಸು ಮಿಸುಕಾಡಲ್ಲ" ಅಂದರು. ಎರಡು ದಿನ ಬಿಟ್ಟು ಮತ್ತೆ ಹೋದೆ. ಮಿಸುಕಾಡಲಿಲ್ಲ. ಕೈ ಗಲ್ಲದ ಕೆಳಗಿಟ್ಟರೂ ಎಚ್ಚರವಿಲ್ಲ, ಕಾಲು ಮಡಚಿದರೂ ಇಲ್ಲ. ಎಣ್ಣೆಯ ಹೊಳಪಿಗೆ ನಾನು ಹೆದರಿದ್ದು ಸುಮ್ನೆ. ಮೆತ್ತನೆ ಹತ್ತಿ ಬಟ್ಟೆಯಲ್ಲಿ ಹಣೆಯನ್ನು ಒಂದು ಸಲ ಒತ್ತಿದರೆ ಮುಗಿಯಿತು.

ಅವತ್ತಿನಿಂದ ನನ್ನ ಮೊದಲ ಫೋನು ಅಜ್ಜಿಗೆ. ಬಾಣಂತಿಗೂ ಅಲ್ಲ, ಅವರ ಗಂಡನಿಗೂ ಅಲ್ಲ. ಎಷ್ಟು ಹೊತ್ತಿಗೆ ಎರೆಯುತ್ತೀರಿ, ಆಮೇಲೆ ಹಾಲು ಎಷ್ಟು ಹೊತ್ತಿಗೆ, ರಾತ್ರಿ ನಿದ್ದೆ ಹೇಗೆ ಅಂತ ಕೇಳುತ್ತೇನೆ. ಬಾಣಂತನದ ಮನೆಗೆ ಅದರದ್ದೇ ಒಂದು ಗಡಿಯಾರ ಇರುತ್ತದೆ. ನಮ್ಮ ಬುಕಿಂಗ್ ಅದಕ್ಕೆ ಹೊಂದಿಕೊಳ್ಳಬೇಕು.

ಎಷ್ಟನೇ ದಿನ ಅನ್ನುವುದರಲ್ಲೂ ಹಾಗೇ. ಹೊರದೇಶದವರ ವಿಡಿಯೋಗಳಲ್ಲಿ ಹುಟ್ಟಿದ 5ರಿಂದ 14 ದಿನದ ಒಳಗೆ ತೆಗೆಯಿರಿ ಅನ್ನುತ್ತಾರೆ. ಕಾರಣ ಸರಿಯಾಗಿದೆ. ಆ ದಿನಗಳಲ್ಲಿ ಕೂಸು ಹೊಟ್ಟೆಯೊಳಗಿದ್ದ ಹಾಗೇ ಮುದುರಿಕೊಳ್ಳುತ್ತದೆ, ನಿದ್ದೆಯೂ ಗಾಢ. ಆದರೆ ನಮ್ಮಲ್ಲಿ ತುಂಬಾ ಮನೆಗಳಲ್ಲಿ ಪುರುಡು ಕಳೆಯುವವರೆಗೆ ಹೊರಗಿನವರು ಬಾಣಂತಿ ಕೋಣೆಗೆ ಹೋಗುವ ಹಾಗಿಲ್ಲ. ಕೆಲವರು ತೊಟ್ಟಿಲಿಗೆ ಹಾಕುವವರೆಗೂ ಬೇಡ ಅನ್ನುತ್ತಾರೆ. ನಾನು ವಾದ ಮಾಡುವುದಿಲ್ಲ. ಹನ್ನೆರಡನೇ ದಿನಕ್ಕೆ ಕರೆದರೆ ಮುದುರಿದ ಫೋಟೋ. ತಿಂಗಳಾದ ಮೇಲೆ ಕರೆದರೆ ಕಣ್ಣು ಬಿಟ್ಟು ನೋಡುವ ಫೋಟೋ. ಮೂರು ವಾರದ ಹೊತ್ತಿಗೆ ಕೆಲವು ಕೂಸುಗಳ ಕೆನ್ನೆ ಮೇಲೆ ಸಣ್ಣ ಕೆಂಪು ಗುಳ್ಳೆ ಬರುತ್ತವೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಹೇಳದಿದ್ದರೆ ಆ ದಿನವೇ ತಾಯಿ ಅಳುತ್ತಾ ಕೂರುತ್ತಾರೆ.

ಇನ್ನು ಆ ಕೋಣೆ. ಕಿಟಕಿ ಮುಚ್ಚಿರುತ್ತದೆ, ಫ್ಯಾನ್ ಆಫ್. ಕೂಸಿಗೆ ಬೆಚ್ಚಗೆ, ನನಗೆ ಬೆವರು. ವ್ಯೂಫೈಂಡರ್ ಮಂಜಾಗುವಷ್ಟು ಬೆವರು. ಹೆಗಲ ಮೇಲೆ ಟವೆಲ್ ಇಲ್ಲದೆ ನಾನೀಗ ಒಳಗೆ ಹೋಗುವುದಿಲ್ಲ. "ಕಿಟಕಿ ತೆಗೆಯಲ್ಲ ಅಜ್ಜಿ, ಪರದೆ ಮಾತ್ರ ಸರಿಸ್ತೀನಿ" ಅಂತ ಕೇಳಿ, ಮಂಚವನ್ನು ಕಿಟಕಿ ಪಕ್ಕ ಎಳೆದುಕೊಳ್ಳುತ್ತೇನೆ. ಒಂದು ಲೆನ್ಸ್, ಕಿಟಕಿಯ ಬೆಳಕು. ಅಷ್ಟೇ ಸಾಕು. ಸಾಫ್ಟ್‌ಬಾಕ್ಸು ಈಗ ಸ್ಟುಡಿಯೋ ಬಿಟ್ಟು ಹೊರಗೆ ಬರುವುದಿಲ್ಲ.

ಎರೆದ ಮೇಲೆ ಲೋಬಾನದ ಹೊಗೆ ಹಾಕುವುದು ಇನ್ನೊಂದು ವಿಷಯ. ಎಳೆಗೂಸಿನ ಉಸಿರಿಗೆ ಹೊಗೆ ಒಳ್ಳೆಯದಲ್ಲ ಅಂತ ಮಕ್ಕಳ ಡಾಕ್ಟರುಗಳು ಹೇಳುತ್ತಾರೆ. ಆದರೆ ಎಂಟು ಮೊಮ್ಮಕ್ಕಳನ್ನು ಎತ್ತಿ ಆಡಿಸಿದ ಅಜ್ಜಿಗೆ ಫೋಟೋದವನು ಪಾಠ ಹೇಳಿದರೆ ನಡೆಯುತ್ತಾ? "ಕ್ಯಾಮೆರಾಗೆ ಹೊಗೆ ಆಗಲ್ಲ ಅಜ್ಜಿ" ಅಂತೀನಿ. ಅಲ್ಲಿಗೆ ಹೊಗೆ ನಿಲ್ಲುತ್ತದೆ.

ನಾನೇ ಪಾಲಿಸುವ ನಿಯಮಗಳು ಕೆಲವಿವೆ. ಉಂಗುರ, ವಾಚು ತೆಗೆದಿಟ್ಟು ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತೇನೆ. ನೆಗಡಿ ಕೆಮ್ಮು ಇದ್ದರೆ ಶೂಟ್ ಮುಂದಕ್ಕೆ, ಅಡ್ವಾನ್ಸ್ ವಾಪಸ್ ಕೇಳಿದರೂ ಸರಿ. ನಾಯಿಕೆಮ್ಮಿನ ಮೊದಲ ಲಸಿಕೆ ಕೂಸಿಗೆ ಬೀಳುವುದೇ ಆರನೇ ವಾರದಲ್ಲಿ. ನನ್ನ ಹೆಂಡತಿ ಜೊತೆಗೆ ಬರುತ್ತಾಳೆ. ಹಾಲು ಕುಡಿಸುವ ಹೊತ್ತಿಗೆ ನಾನು ಹೊರಗೆ, ಅವಳು ಒಳಗೆ. ಅವಳು ಗಾಜಿನ ಬಳೆ ಬಿಚ್ಚಿಟ್ಟೇ ಬರುತ್ತಾಳೆ. ಬಳೆ ಸದ್ದಿಗೆ ಎದ್ದ ಕೂಸು ಮತ್ತೆ ಮಲಗಲು ಮುಕ್ಕಾಲು ಗಂಟೆ ಬೇಕು, ಅನುಭವದಿಂದ ಹೇಳುತ್ತಿದ್ದೇನೆ.

ಇನ್‌ಸ್ಟಾಗ್ರಾಂನಿಂದ ಒಂದು ಫೋಟೋ ಎಲ್ಲರೂ ಕಳಿಸುತ್ತಾರೆ. ಕೂಸು ಎರಡೂ ಅಂಗೈ ಮೇಲೆ ಗಲ್ಲ ಊರಿಕೊಂಡು ಕಪ್ಪೆ ಹಾಗೆ ಕುಳಿತಿರುವುದು. ಕೂಸು ತಾನಾಗಿ ಹಾಗೆ ಕೂರುವುದಿಲ್ಲ. ಒಬ್ಬರು ತಲೆ ಹಿಡಿದಿರುತ್ತಾರೆ, ಆಮೇಲೆ ಕೈ ಹಿಡಿದಿರುತ್ತಾರೆ, ಎರಡು ಫೋಟೋ ಸೇರಿಸಿ ಹಿಡಿದ ಕೈಗಳನ್ನು ಅಳಿಸಿರುತ್ತಾರೆ. ಕತ್ತು ನಿಲ್ಲದ ಕೂಸಿನ ಮೇಲೆ ಅದನ್ನು ಪ್ರಯೋಗ ಮಾಡಲು ನನಗೆ ಧೈರ್ಯವಿಲ್ಲ, ಮಾಡುವುದೂ ಇಲ್ಲ. ಹಾಗಂತ ಅಳಿಸುವ ಕೆಲಸದಲ್ಲಿ ನಾನು ಎಡವಿಲ್ಲ ಅಂತಲ್ಲ. ಒಮ್ಮೆ ಕೆನ್ನೆ ಮೇಲಿದ್ದ ಕಾಡಿಗೆ ಬೊಟ್ಟನ್ನು ಫೋಟೋಶಾಪಿನಲ್ಲಿ ನೀಟಾಗಿ ಅಳಿಸಿ ಪ್ರಿಂಟ್ ಕೊಟ್ಟೆ. ಕಲೆ ಅಂದುಕೊಂಡಿದ್ದೆ. ಆ ಮನೆಯ ಅಜ್ಜಿ ಫೋಟೋ ನೋಡಿ ಮಾತೇ ಆಡಲಿಲ್ಲ. ಎದ್ದು ಹೋಗಿ ಕಾಡಿಗೆ ಡಬ್ಬಿ ತಂದು, ಗ್ಲಾಸ್ ಫ್ರೇಮಿನ ಮೇಲೇ ಒಂದು ಬೊಟ್ಟು ಇಟ್ಟರು. ಈಗ ಬೊಟ್ಟು ಮುಟ್ಟುವ ಮುಂಚೆ ಕೇಳುತ್ತೇನೆ.

ಬಸುರಿಯರ ಫೋಟೋದಲ್ಲಿ ನಾನು ತಪ್ಪಿದ್ದು ಲೆಕ್ಕದಲ್ಲಿ. ಒಬ್ಬರು ಫೋನ್ ಮಾಡಿ "ನನ್ನ ಹೆಂಡತಿಗೆ ಎಂಟು ತಿಂಗಳು" ಅಂದರು. ಎಂಟರಲ್ಲಿ ನಡೆಯುತ್ತಿದೆ ಅಂದುಕೊಂಡು ಮೂರು ವಾರ ಮುಂದಿನ ತಾರೀಖು ಕೊಟ್ಟೆ. ಅವರು ಹೇಳಿದ್ದು ಎಂಟು ತುಂಬಿದೆ ಅಂತ. ಶೂಟ್‌ಗೆ ಎರಡು ದಿನ ಇರುವಾಗ ಹೆರಿಗೆ ಆಗಿಹೋಯಿತು. ಈಗ ತಿಂಗಳು ಕೇಳುವುದೇ ಇಲ್ಲ. ಸ್ಕ್ಯಾನಿಂಗ್ ರಿಪೋರ್ಟಿನಲ್ಲಿರುವ ಹೆರಿಗೆಯ ತಾರೀಖು ಕೇಳಿ, ಅದಕ್ಕಿಂತ ಎಂಟರಿಂದ ಹತ್ತು ವಾರ ಹಿಂದೆ ದಿನ ಹಾಕುತ್ತೇನೆ. ಅವಳಿ ಆದರೆ ಇನ್ನೂ ಎರಡು ಮೂರು ವಾರ ಮುಂಚೆ. ಸೀಮಂತ ಮುಗಿದ ಮೇಲೆ ತವರಿಗೆ ಹೊರಟುಬಿಡುತ್ತಾರೆ, ಆದ್ದರಿಂದ ಸೀಮಂತಕ್ಕೆ ಎರಡು ದಿನ ಮುಂಚೆಯೇ ತೆಗೆಯುವುದು ಒಳ್ಳೆಯದು. ಸೀಮಂತದ ದಿನವೇ ಬೇಡ. ಬೆಳಗಿನಿಂದ ಬಳೆ ತೊಡಿಸಿ, ಆರತಿ ಮಾಡಿ, ಮಡಿಲು ತುಂಬಿ, ಊಟದ ಹೊತ್ತಿಗೆ ಆ ಹೆಣ್ಣುಮಗಳ ಕಾಲು ಬಾತಿರುತ್ತದೆ.

ಕುಂದವಾಡ ಕೆರೆ ಹತ್ತಿರ ಸಂಜೆ ಬೆಳಕು ಚೆಂದ. ಆದರೆ ಜಾಗ ಆರಿಸುವಾಗ ನಾನು ಮೊದಲು ನೋಡುವುದು ಶೌಚಾಲಯ ಎಷ್ಟು ದೂರ ಅಂತ. ಬೆಳಕು ಆಮೇಲೆ. ಅರ್ಧ ಗಂಟೆಗೊಮ್ಮೆ ಹೋಗಬೇಕಾದವರನ್ನು ದಂಡೆ ಮೇಲೆ ನಿಲ್ಲಿಸಿ ನಗಿ ಅಂದರೆ ಹೇಗೆ ನಗುತ್ತಾರೆ? ಕುರ್ಚಿ, ನೀರು, ಒಂದು ಎಳನೀರು ನನ್ನ ಕಾರಿನಲ್ಲೇ ಇರುತ್ತವೆ. ಬೆನ್ನ ಮೇಲೆ ಅಂಗಾತ ಮಲಗಿಸುವುದಿಲ್ಲ. ಗರ್ಭದ ಭಾರ ದೊಡ್ಡ ರಕ್ತನಾಳದ ಮೇಲೆ ಬಿದ್ದು ತಲೆ ಸುತ್ತುತ್ತದೆ. ಮಲಗುವ ಫೋಟೋ ಬೇಕೇ ಬೇಕೆಂದರೆ ಎಡ ಮಗ್ಗುಲಿಗೆ, ಬೆನ್ನಿಗೆ ದಿಂಬು ಕೊಟ್ಟು. ನನ್ನ ಸ್ಟುಡಿಯೋ ಆಗ ಎರಡನೇ ಮಹಡಿಯಲ್ಲಿತ್ತು, ಲಿಫ್ಟ್ ಇರಲಿಲ್ಲ. ಒಬ್ಬರು ಮೆಟ್ಟಿಲಲ್ಲೇ ಕುಳಿತುಬಿಟ್ಟ ದಿನ ನೆಲಮಹಡಿಯ ಅಂಗಡಿ ಹುಡುಕಲು ಶುರು ಮಾಡಿದೆ. ಬಾಡಿಗೆ ಜಾಸ್ತಿ, ಆದರೂ ಸರಿ.

ಗುಲಾಬಿ, ನೀಲಿ ಹೊಗೆ ಬಿಟ್ಟು ಹೆಣ್ಣೋ ಗಂಡೋ ಹೇಳುವ ಫೋಟೋ ಬೇಕು ಅಂತ ಒಂದಿಬ್ಬರು ಕೇಳಿದ್ದಾರೆ. ಅದು ಹೊರದೇಶದ ಚಾಳಿ. ನಮ್ಮಲ್ಲಿ 1994ರ ಕಾಯ್ದೆ ಪ್ರಕಾರ ಅದನ್ನು ಪತ್ತೆ ಮಾಡುವುದೂ ಹೇಳುವುದೂ ಅಪರಾಧ. ನಾನು ಹಳದಿ ದಾವಣಿ ತೋರಿಸಿ ಮಾತು ಬದಲಾಯಿಸುತ್ತೇನೆ.

ಮನೆಮಂದಿಯ ಗ್ರೂಪ್ ಫೋಟೋಗೆ ಬಟ್ಟೆ ವಿಷಯ ಎಲ್ಲರೂ ಕೇಳುತ್ತಾರೆ. ಸಣ್ಣ ಗೆರೆಯ ಶರ್ಟು ಬೇಡ, ಫೋಟೋದಲ್ಲಿ ಅಲೆ ಅಲೆಯಾಗಿ ಕಾಣುತ್ತದೆ. ಗಾಢ ಗಿಳಿಹಸಿರು ಬೇಡ, ಗಲ್ಲದ ಕೆಳಗೆಲ್ಲ ಹಸಿರು ಬಣ್ಣ ಹೊಡೆಯುತ್ತದೆ. ಇಷ್ಟೇ. ಕಣ್ಣು ಮಿಟುಕಿಸುವುದಕ್ಕೂ ಒಂದು ಲೆಕ್ಕವಿದೆ. ಒಳ್ಳೆ ಬೆಳಕಲ್ಲಿ, ಇಪ್ಪತ್ತಕ್ಕಿಂತ ಕಡಿಮೆ ಜನ ಇದ್ದರೆ, ತಲೆ ಎಣಿಸಿ ಮೂರರಿಂದ ಭಾಗಿಸಿ ಅಷ್ಟು ಫೋಟೋ ತೆಗೆಯಿರಿ. ಒಂದರಲ್ಲಾದರೂ ಎಲ್ಲರ ಕಣ್ಣೂ ತೆರೆದಿರುತ್ತವೆ. ಬೆಳಕು ಕಡಿಮೆ ಇದ್ದರೆ ಎರಡರಿಂದ ಭಾಗಿಸಿ. ಆಸ್ಟ್ರೇಲಿಯಾದ ಇಬ್ಬರು ಈ ಲೆಕ್ಕ ಹಾಕಿ 2006ರಲ್ಲಿ ಇಗ್ ನೊಬೆಲ್ ಗೆದ್ದರು, ಮೊದಲು ನಗಿಸಿ ಆಮೇಲೆ ಯೋಚಿಸುವ ಹಾಗೆ ಮಾಡುವ ಸಂಶೋಧನೆಗೆ ಕೊಡುವ ತಮಾಷೆಯ ಬಹುಮಾನ ಅದು. ನಗಬೇಡಿ, ನನಗೆ ದಿನಾ ಉಪಯೋಗಕ್ಕೆ ಬರುತ್ತದೆ.

ಆದರೆ ಗ್ರೂಪ್ ಫೋಟೋ ಕೆಟ್ಟದ್ದು ನನ್ನ ಬಾಯಿಂದ. ಒಮ್ಮೆ ಎಲ್ಲರನ್ನೂ ನಿಲ್ಲಿಸಿ, "ಯಜಮಾನ್ರು ಎಲ್ಲಿ, ಕರೀರಿ" ಅಂದೆ. ತೀರಿಕೊಂಡು ಮೂರು ತಿಂಗಳಾಗಿತ್ತಂತೆ. ಆ ಒಂದು ಮಾತಿನ ಮೇಲೆ ಯಾರೂ ನಗಲಿಲ್ಲ. ನಾನೂ ನಗಿ ಅನ್ನಲಿಲ್ಲ. ಈಗ ಯಾರ್ಯಾರು ಬರುತ್ತಾರೆ, ಯಾರು ಕುರ್ಚಿಯಲ್ಲಿ ಕೂರಬೇಕು, ಯಾರ ಪಕ್ಕ ಯಾರು ಬೇಡ ಅನ್ನುವುದನ್ನೆಲ್ಲ ಫೋನಿನಲ್ಲೇ ಕೇಳಿ ಬರೆದಿಟ್ಟುಕೊಳ್ಳುತ್ತೇನೆ. ಎಲ್ಲರೂ ಇರುವ ಫೋಟೋ ಮೊದಲು, ಆಮೇಲೆ ಹಿರಿಯರಿಗೆ ಬಿಡುಗಡೆ.

ನಾಳೆ ಹರಿಹರದಲ್ಲಿ ಹದಿನಾಲ್ಕು ದಿನದ ಕೂಸು. ಸಂಜೆ ಅಜ್ಜಿಗೆ ಫೋನ್ ಮಾಡಿದ್ದೆ. "ಎಂಟೂವರೆಗೆ ಎರೀತೀವಿ. ಒಂಬತ್ತೂವರೆಗೆ ಬಾ, ತಿಂಡಿ ಇಲ್ಲೇ ತಿನ್ನು" ಅಂದರು. ಮಲಗಿಸಲು ಬುಟ್ಟಿ ತರಲಾ ಅಂತ ಕೇಳಿದೆ. "ಬುಟ್ಟಿ ಯಾಕಪ್ಪಾ, ಮನೇಲಿ ಮೊರ ಇದೆ. ನನ್ನ ಹಳೇ ಸೀರೆ ಹಾಸ್ತೀನಿ" ಅಂದರು. ಟವೆಲ್ ಮಾತ್ರ ಬ್ಯಾಗಿಗೆ ಹಾಕಿಟ್ಟಿದ್ದೇನೆ.