ಸೀಸದ ಇಟ್ಟಿಗೆ, ಕರಿ ಕಂಬಳಿ

ಧಾರವಾಡದ ಒಂದು ಕಾಲೇಜಿನ ಫಿಸಿಕ್ಸ್ ಲ್ಯಾಬ್‌ನಲ್ಲಿ ನನ್ನ ಕೆಲಸ. ಒಂದು ಮಳೆಗಾಲ, ಎಂಎಸ್ಸಿ ಹುಡುಗರ ಪ್ರಾಜೆಕ್ಟಿಗೆ ಮ್ಯುವಾನ್‌ಗಳು ಸೀಸದಲ್ಲಿ ಹೇಗೆ ಚದುರುತ್ತವೆ ಅಂತ ನೋಡಲು ಹೊರಟೆವು. ಮ್ಯುವಾನ್ ಅಂದ್ರೆ ಎಲೆಕ್ಟ್ರಾನಿನ ಅಣ್ಣ, 207 ಪಟ್ಟು ಭಾರ. ಆಕಾಶದಿಂದ ಸದಾ ಸುರಿಯುತ್ತಲೇ ಇರುತ್ತವೆ. ಅಂಗೈ ಚಾಚಿದರೆ ಸೆಕೆಂಡಿಗೆ ಹೆಚ್ಚುಕಡಿಮೆ ಒಂದು ತೂರಿ ಹೋಗುತ್ತದೆ. ನಮ್ಮಂಥ ಲ್ಯಾಬಿಗೆ ಇದಕ್ಕಿಂತ ಅಗ್ಗದ ಕಣ ಇಲ್ಲ.

ಮೂರು ಸಿಂಟಿಲೇಟರ್ ಹಲಗೆ, ಅಂದ್ರೆ ಕಣ ತೂರಿದಾಗ ಮಿನುಗುವಂಥವು. ಎರಡು ಮೇಲೆ ಒಂದೇ ಸಾಲಿನಲ್ಲಿ, ಮೂರನೆಯದು ಕೆಳಗೆ, ಬಾಗಿದ ಮ್ಯುವಾನ್ ಸಿಗಲಿ ಅಂತ ಸ್ವಲ್ಪ ಪಕ್ಕಕ್ಕೆ. ಮೂರೂ ಒಟ್ಟಿಗೆ ಮಿನುಗಿದರೆ ಒಂದು ಎಣಿಕೆ. ಮೇಲಿನ ಎರಡಕ್ಕೂ ಕೆಳಗಿನದಕ್ಕೂ ನಡುವೆ 10 ಸೆಂಟಿಮೀಟರ್ ಸೀಸದ ಇಟ್ಟಿಗೆ ಪೇರಿಸಿದೆವು. ಎಣಿಕೆ ಮೂರು ಪಟ್ಟಾಯ್ತು! ಒಬ್ಬ ಹುಡುಗ ಪೋಸ್ಟರ್‌ಗೆ ಗ್ರಾಫ್ ಹಾಕಿಯೇಬಿಟ್ಟ.

ಅಲ್ಲೇ ನಾನು ಎಡವಿದ್ದು. 4 ಜಿಇವಿ (ಜಿಇವಿ ಅಂದ್ರೆ ಕಣದ ಶಕ್ತಿಯ ಅಳತೆ) ಮ್ಯುವಾನ್ ಅಷ್ಟು ಸೀಸದಲ್ಲಿ ಬಾಗುವುದು ಸಾಮಾನ್ಯವಾಗಿ ಒಂದು ಡಿಗ್ರಿಗೂ ಕಡಿಮೆ. ಮೂರು ಪಟ್ಟು ಎಲ್ಲಿಂದ ಬರಬೇಕು? ಹಾಳೆ ಮೇಲೆ ಎರಡು ಸಾಲಿನ ಲೆಕ್ಕ. ಖುಷಿಯಲ್ಲಿ ಅದನ್ನೂ ಮಾಡಲಿಲ್ಲ.

ಮೂರನೇ ದಿನ ಸಂಜೆ ಜೋರು ಮಳೆ, ಕರೆಂಟ್ ಹೋಯ್ತು. ಉಪಕರಣ ಯುಪಿಎಸ್ ಮೇಲಿತ್ತು. ಅಟೆಂಡರ್ ಕೌಂಟರ್ ಕಡೆ ನೋಡಿ, "ಸರ, ಲೈಟ್ ಹೋದಕೂಡ್ಲೆ ಕೆಳಗಿನ ಹಲಗಿ ನಂಬರ್ ಇಳದ್ ಹೋತಲ್ರೀ?" ಅಂದರು.

ಮೊಬೈಲ್ ಟಾರ್ಚ್ ಹಿಡಿದು ಆ ಹಲಗೆಯ ಅಂಚುಗುಂಟ ಹೋದೆ. ಒಂದು ಮೂಲೆಗೆ ಬಂದಾಗ ನಂಬರ್ ಜಿಗಿಯಿತು. ಅಲ್ಲಿ ಕರಿ ಟೇಪು ಉಗುರಿನಷ್ಟು ಎದ್ದಿತ್ತು. ಇಟ್ಟಿಗೆ ಒಂದೊಂದೂ 11 ಕಿಲೋ. ಎತ್ತಿಡುವ ಬದಲು ಜರುಗಿಸಿದ್ದೆವು, ಟೇಪು ಕಿತ್ತಿತ್ತು. ಒಳಗಿನ ಫೋಟೊಮಲ್ಟಿಪ್ಲೈಯರ್, ಅಂದ್ರೆ ಬೆಳಕನ್ನು ವಿದ್ಯುತ್ ಮಿಡಿತವಾಗಿಸುವ ಸಾಧನ, ಬೆಳಕಿನ ಒಂದೊಂದು ಕಣವನ್ನೂ (ಫೋಟಾನ್) ಹಿಡಿಯಬಲ್ಲದು. ಸೋರಿದ ಟ್ಯೂಬ್‌ಲೈಟ್ ಬೆಳಕಿನ ಸುಳ್ಳು ಮಿಡಿತಗಳು, ಮೇಲಿನ ಎರಡರಲ್ಲಿ ನಿಜವಾದ ಮ್ಯುವಾನ್ ಹೋದ ಕ್ಷಣಕ್ಕೇ ಆಗಾಗ ಬಂದು ಕೂಡುತ್ತಿದ್ದವು.

ಮೊದಲ ದಿನವೇ ಇಟ್ಟಿಗೆ ತೆಗೆದು ಇನ್ನೊಮ್ಮೆ ಎಣಿಸಿದ್ದರೆ ಸಾಕಿತ್ತು, ಎಣಿಕೆ ಇಳಿಯುತ್ತಲೇ ಇರಲಿಲ್ಲ. ಅಷ್ಟು ಭಾರ ಮತ್ತೆ ಯಾರು ಎತ್ತಬೇಕು ಅಂತ ಬಿಟ್ಟಿದ್ದೆವು.

ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ಮ್ಯುವಾನ್-ಎಲೆಕ್ಟ್ರಾನ್ ಪ್ರಯೋಗಕ್ಕೆ 160 ಜಿಇವಿ ಮ್ಯುವಾನ್ ಕಿರಣ ಇದೆ. ಗುರಿಗೆ ಸೀಸ ಅಲ್ಲ, ಬೆರಿಲಿಯಂ ಅಥವಾ ಕಾರ್ಬನ್‌ನಂಥ ಹಗುರ ವಸ್ತುವಿನ ತೆಳು ಹಲಗೆ. ಭಾರದ ಪರಮಾಣು ಇದ್ದಷ್ಟೂ ಬೇಡದ ಬಾಗು ಜಾಸ್ತಿ. ಬೇಡದ್ದನ್ನು ಮೊದಲೇ ಕಳೆಯುವ ಆ ಜಾಣತನ ನಮಗಿರಲಿಲ್ಲ ನೋಡಿ.

ಟೇಪು ಎರಡು ಸುತ್ತು ಹಾಕಿ, ಮೇಲೆ ಅಟೆಂಡರ್ ಮನೆಯ ಕರಿ ಕಂಬಳಿ ಹೊದಿಸಿದೆವು. ಸೀಸ ಇಟ್ಟು ಎರಡು ದಿನ, ತೆಗೆದು ಎರಡು ದಿನ ಎಣಿಸಿದೆವು. ವ್ಯತ್ಯಾಸ ದೋಷದ ಮಿತಿಯೊಳಗೇ ಇತ್ತು. ಹುಡುಗ ಪೋಸ್ಟರಿನ ಗ್ರಾಫ್ ಅಳಿಸಿದ. ಕಂಬಳಿ ಇನ್ನೂ ಅಲ್ಲೇ ಇದೆ, ಚಳಿ ಶುರುವಾದಾಗಲೆಲ್ಲ ಅವರು ಕೇಳುತ್ತಾರೆ.