ಅಪ್ಪನ ಸೈಕಲ್, ಬಳ್ಳಾರಿ ಜಾಲಿ: ಹನ್ನೊಂದು ಪಂಚರ್‌ಗಳ ಲೆಕ್ಕ

ಫೆಬ್ರವರಿ

ಮಗಳಿಗೆ ಬೆಳಿಗ್ಗೆ ಟ್ಯೂಷನ್ ಶುರುವಾಯಿತು. ಮನೆಯಲ್ಲಿದ್ದ ಒಂದೇ ಸ್ಕೂಟಿ ಅವಳ ಪಾಲಾಯಿತು. ನನ್ನ ಪಾಲಿಗೆ ಉಳಿದದ್ದು ಮೆಟ್ಟಿಲ ಕೆಳಗೆ ಧೂಳು ತಿನ್ನುತ್ತಾ ನಿಂತಿದ್ದ ಅಪ್ಪನ ಅಟ್ಲಾಸ್ ಸೈಕಲ್. ಆ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು. ಅವತ್ತು ವಿಶ್ವ ಸೈಕಲ್ ದಿನ. ಒಳ್ಳೆ ಮುಹೂರ್ತ!

ಬಳ್ಳಾರಿಯ ಗಾಂಧಿನಗರದ ಮನೆಯಿಂದ ಹೊರಟು, ದುರ್ಗಮ್ಮ ಗುಡಿ ಅಂಡರ್‌ಬ್ರಿಡ್ಜ್ ದಾಟಿ, ರಾಯಲ್ ಸರ್ಕಲ್, ಮೋತಿ ಸರ್ಕಲ್ ಹಾದು ಮುಂಡರಗಿ ಕಡೆ ಹೋಗಬೇಕು. ಅಲ್ಲೊಂದು ಜೀನ್ಸ್ ಯೂನಿಟ್‌ನಲ್ಲಿ ನಾನು ಲೆಕ್ಕ ಬರೆಯೋನು. (ರಾಯಲ್ ಸರ್ಕಲ್‌ಗೆ ಗಡಿಗಿ ಚೆನ್ನಪ್ಪ ಅವರ ಹೆಸರಿಟ್ಟು ಎಷ್ಟೋ ಕಾಲವಾಯಿತು. ಆಟೋದವರ ಬಾಯಲ್ಲಿ ಇನ್ನೂ ರಾಯಲ್ಲೇ.) ಸುತ್ತು ಬಳಸು ಸೇರಿ ಹೋಗೋಕೆ ಏಳು ಕಿಲೋಮೀಟರ್, ಬರೋಕೆ ಏಳು.

ಮೊದಲ ದಿನ ಯೂನಿಟ್ ಗೇಟಿನಲ್ಲಿ ವಾಚ್‌ಮನ್ ಕೇಳಿದ: "ಗಾಡಿಗೆ ಏನಾತ್ರಿ ಸಾರ್?" ಏನೂ ಆಗಿಲ್ಲ ಅಂದೆ. ಎರಡನೇ ದಿನವೂ ಕೇಳಿದ. ಮೂರನೇ ದಿನ ಕೇಳಲಿಲ್ಲ, ಆದರೆ ಮುಖದಲ್ಲಿ ಕನಿಕರ ಇತ್ತು.

ನಾಲ್ಕನೇ ದಿನ ಹಿಂದಿನ ಚಕ್ರ ಕೂತಿತು.

ಬೆಂಗಳೂರಲ್ಲಿರುವ ಅಣ್ಣನ ಮಗ ಸೈಕಲ್ ತುಳಿದದ್ದೆಲ್ಲ ಫೋನಿನಲ್ಲಿ ದಾಖಲು ಮಾಡಿಕೊಳ್ಳುತ್ತಾನೆ. ನನ್ನದು ನೂರು ಪೇಜಿನ ನೋಟ್‌ಬುಕ್. ದಿನಾಂಕ, ಯಾವ ಚಕ್ರ, ಎಲ್ಲಿ ಕೂತಿತು, ಏನು ಚುಚ್ಚಿತ್ತು, ಇಷ್ಟೇ ಕಾಲಂ. ಲೆಕ್ಕದವನ ಚಟ ಅಂದುಕೊಳ್ಳಿ. ಫೆಬ್ರವರಿ ಮುಗಿಯುವಾಗ ಎರಡು ಸಾಲು ತುಂಬಿತ್ತು. ಎರಡರಲ್ಲೂ ಕೊನೆಯ ಕಾಲಂನಲ್ಲಿ ಒಂದೇ ಪದ: ಜಾಲಿ.

ಮಾರ್ಚ್

ಈ ಮುಳ್ಳಿನ ಬಗ್ಗೆ ಸ್ವಲ್ಪ ಹೇಳಲೇಬೇಕು. ಪ್ರೊಸೊಪಿಸ್ ಜೂಲಿಫ್ಲೋರಾ ಅನ್ನುವ ಈ ಗಿಡ ನಮ್ಮದಲ್ಲ. ಅಮೆರಿಕ ಖಂಡದ್ದು. 19ನೇ ಶತಮಾನದಲ್ಲಿ ಬ್ರಿಟಿಷರ ಕಾಲಕ್ಕೆ ಈ ಕಡೆ ಬಂತು. ಆದರೂ ಕರ್ನಾಟಕದಲ್ಲೆಲ್ಲ ಅದನ್ನು ಕರೆಯೋದು ಬಳ್ಳಾರಿ ಜಾಲಿ ಅಂತ. ಗಿಡ ಎಲ್ಲಿಂದಲೋ ಬಂತು, ಕೆಟ್ಟ ಹೆಸರು ನಮ್ಮೂರಿಗೆ. ಕುರಿ, ಮೇಕೆ ಅದರ ಕಾಯಿ ತಿನ್ನುತ್ತವೆ, ಬೀಜ ಹಿಕ್ಕೆಯಲ್ಲಿ ಹೊರಬಂದು ಎಲ್ಲಿ ಬಿತ್ತೋ ಅಲ್ಲಿ ಹುಟ್ಟುತ್ತದೆ. ಖಾಲಿ ಸೈಟು ಆರು ತಿಂಗಳು ಬಿಟ್ಟರೆ ಸಾಕು, ಮಾಲೀಕನೇ ಒಳಗೆ ಕಾಲಿಡೋಕೆ ಆಗಲ್ಲ.

ಟೈರಿನಿಂದ ಕಿತ್ತ ಒಂದು ಮುಳ್ಳನ್ನು ಮೇಜಿನ ಮೇಲಿಟ್ಟು ನೋಡಿದೆ. ಒಂದಿಂಚಿಗೆ ಸ್ವಲ್ಪ ಕಡಿಮೆ. ಒಣಗಿ ಬೂದಿ ಬಣ್ಣಕ್ಕೆ ತಿರುಗಿದೆ, ಬುಡದಲ್ಲಿ ಮಾತ್ರ ದಪ್ಪ. ಕೊಂಬೆಯಲ್ಲಿ ಇವು ಜೋಡಿ ಜೋಡಿಯಾಗಿ ಇರುತ್ತವೆ. ಹಾಗಾಗಿ ರಸ್ತೆಗೆ ಬಿದ್ದ ಚೂರು ಹೇಗೆ ಹೊರಳಿದರೂ ಒಂದು ಮುಳ್ಳು ಮೇಲಕ್ಕೆ ನೋಡುತ್ತಿರುತ್ತದೆ. ಇನ್ನೊಂದು ಗುಣ ಇನ್ನೂ ಕೆಟ್ಟದ್ದು. ಚುಚ್ಚಿದ ಮೇಲೆ ರಬ್ಬರಿನ ಮಟ್ಟಕ್ಕೆ ಸರಿಯಾಗಿ ಮುರಿಯುತ್ತದೆ. ಹೊರಗೆ ನೋಡಿದರೆ ಏನೂ ಕಾಣಲ್ಲ, ಮೊನೆ ಒಳಗೇ ಕೂತಿರುತ್ತದೆ. ಟ್ಯೂಬಿಗೆ ಪ್ಯಾಚ್ ಹಾಕಿಸಿ ಖುಷಿಯಾಗಿ ಹೊರಟರೆ ಮರುದಿನ ಅದೇ ಜಾಗದಲ್ಲಿ ಮತ್ತೆ ತೂತು. ಮಾರ್ಚ್ 6 ಮತ್ತು 7ರ ಸಾಲುಗಳು ಹೀಗೇ ಬಂದವು.

ಕೌಲ್ ಬಜಾರಿನ ಸೈಕಲ್ ಶಾಪ್ ಚಾಚಾ ಬೈದರು. "ಟೈರ್ ಒಳಗೆ ಕೈ ಆಡಿಸ್ಬೇಕ್ರಿ ಸಾರ್. ಕಣ್ಣಿಗೆ ಕಾಣಂಗಿಲ್ಲ ಅದು, ಬೆರಳಿಗೆ ಹತ್ತತೈತಿ." ಬೆರಳಿಗೆ ಹತ್ತಿತು, ರಕ್ತವೂ ಬಂತು. ಈಗ ಹತ್ತಿ ಉಂಡೆ ಹಿಡಿದು ಆಡಿಸುತ್ತೇನೆ. ಮೊನೆ ಇದ್ದಲ್ಲಿ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ.

ಪಂಚರ್ ನಾನೇ ಹಾಕೋದು ಕಲಿತೆ. ಕಷ್ಟ ಏನಿಲ್ಲ. ಉಪ್ಪುಕಾಗದದಲ್ಲಿ ಉಜ್ಜಿ, ಸೊಲ್ಯೂಷನ್ ಹಚ್ಚಿ, ಅದು ಆರೋವರೆಗೆ ಕಾಯಬೇಕು. ಆ ಕಾಯೋದೇ ನನ್ನ ಕೈಲಿ ಆಗಲ್ಲ. ಮೊದಲೆರಡು ಪ್ಯಾಚ್ ಕಿತ್ತು ಬಂದದ್ದು ಅದಕ್ಕೇ. ಗುಳ್ಳೆ ನೋಡೋಕೆ ಟ್ಯೂಬನ್ನು ಬಕೆಟ್ ನೀರಲ್ಲಿ ಮುಳುಗಿಸಿದಾಗ ಮನೆಯಾಕೆ ಬಂದು ನಿಂತಳು. "ನಲ್ಲಿ ಬಂದು ನಾಲ್ಕು ದಿನ ಆತ್ರಿ. ಈಗ ಟ್ಯೂಬಿಗೆ ಸ್ನಾನ ಮಾಡಸ್ತೀರಾ?" ಅದೇ ನೀರನ್ನು ಆಮೇಲೆ ತುಳಸಿ ಕಟ್ಟೆಗೆ ಹಾಕಿದೆ. ಮಾತು ಅಲ್ಲಿಗೆ ನಿಂತಿತು.

ಮಾರ್ಚ್ 22ರ ಸಾಲು ಹೊಡೆದು ಹಾಕಿದ್ದೇನೆ. ಅದು ಪಂಚರೇ ಅಲ್ಲ. ವಾಲ್ವಿನ ಬಾಯಿಗೆ ಎಂಜಲು ಹಚ್ಚಿ ನೋಡಿದೆ. ಸಾಸಿವೆ ಕಾಳಿನಷ್ಟು ಗುಳ್ಳೆ ಎದ್ದು, ಉಬ್ಬಿ, ಒಡೆಯಿತು. ಒಳಗಿನ ವಾಲ್‌ಟ್ಯೂಬ್ ಬಿಸಿಲಿಗೆ ಬಿರುಕು ಬಿಟ್ಟಿತ್ತು. ಬೆರಳುದ್ದದ ರಬ್ಬರ್ ಕೊಳವೆ, ಅದಕ್ಕೋಸ್ಕರ ಸೈಕಲ್ ಎರಡು ಕಿಲೋಮೀಟರ್ ತಳ್ಳಿದ್ದೆ. ಈಗ ಜೇಬಲ್ಲಿ ಒಂದು ಗೇಣು ಇಟ್ಟುಕೊಂಡೇ ಓಡಾಡುತ್ತೇನೆ.

ಏಪ್ರಿಲ್

ಬಿಸಿಲು 40 ಡಿಗ್ರಿ ದಾಟಿತು. ಬಳ್ಳಾರಿಯಲ್ಲಿ ಇದು ಸುದ್ದಿಯೇ ಅಲ್ಲ, ಬಿಡಿ. ಊರ ಮಧ್ಯದ ಗುಡ್ಡ ಇಡೀ ದಿನ ಕಾದು ಸಂಜೆ ಆರಕ್ಕೂ ಬಿಸಿ ಉಗುಳುತ್ತದೆ. ನಾನು ಏಳೂವರೆಗೇ ಹೊರಡುತ್ತೇನೆ. ದಾರಿಯಲ್ಲಿ ಒಗ್ಗರಣೆ ಮಿರ್ಚಿ, ಯೂನಿಟ್ ತಲುಪಿದ ಮೇಲೆ ಮಜ್ಜಿಗೆ. ತೂಕ ಇಳಿದಿದೆಯಾ ಅಂತ ಕೇಳಬೇಡಿ. ಮಿರ್ಚಿ ಎರಡೇ ತಿನ್ನೋದು ಅಂತ ಹೇಳಿದರೆ ಸುಳ್ಳಾಗುತ್ತದೆ.

ಈ ತಿಂಗಳ ದೊಡ್ಡ ಪ್ರಯೋಗ ಜೀನ್ಸ್ ಬಟ್ಟೆಯದು. ನಮ್ಮ ಯೂನಿಟ್‌ನಲ್ಲಿ ಕಟಿಂಗ್ ಮಾಡಿ ಉಳಿದ ತುಂಡು ರಾಶಿ ಬಿದ್ದಿರುತ್ತದೆ. ಅಷ್ಟು ದಪ್ಪ ಬಟ್ಟೆ ಮುಳ್ಳನ್ನು ತಡೆಯದೇ ಇರುತ್ತಾ ಅಂತ ನನ್ನ ತರ್ಕ. ಎರಡು ಬೆರಳಗಲದ ಪಟ್ಟಿ ಕತ್ತರಿಸಿ, ಉದ್ದಕ್ಕೆ ಜೋಡಿಸಿ, ಟೈಲರ್ ಹುಡುಗನ ಕೈಲಿ ಹೊಲಿಸಿ, ಟೈರಿಗೂ ಟ್ಯೂಬಿಗೂ ನಡುವೆ ಹಾಸಿದೆ. ಹುಡುಗ ಕೇಳಿದ: "ಸೈಕಲ್‌ಗೆ ಪ್ಯಾಂಟಾ ಸಾರ್?"

ಐದು ದಿನ ಆರಾಮಾಗಿ ನಡೆಯಿತು. ಆರನೇ ದಿನ ಮುಳ್ಳು ಬಟ್ಟೆಯ ಎಳೆಗಳನ್ನು ಸರಿಸಿಕೊಂಡು ಸಲೀಸಾಗಿ ಒಳಗೆ ಬಂದಿತ್ತು. ಆಮೇಲೆ ಹೊಳೆಯಿತು, ಸೂಜಿ ಕೂಡ ಹಾಗೇ ಅಲ್ವಾ ಬಟ್ಟೆ ದಾಟೋದು? ಇಷ್ಟು ವರ್ಷ ಹೊಲಿಗೆ ಮಿಷನ್ ಸದ್ದಿನಲ್ಲಿ ಕೂತು ಲೆಕ್ಕ ಬರೆದವನಿಗೆ ಇದು ಮೊದಲೇ ತಿಳೀಬೇಕಿತ್ತು. ಅದರ ಮುಂದಿನ ಪಂಚರ್ ಇನ್ನೂ ನಾಚಿಕೆಗೇಡು. ಪಟ್ಟಿ ಒಳಗೆ ಸರಿದು ಮಡಚಿಕೊಂಡು, ಹೊಲಿಗೆಯ ಗಂಟು ಟ್ಯೂಬನ್ನು ಉಜ್ಜಿ ಉಜ್ಜಿ ತೂತು ಮಾಡಿತ್ತು. ಕಾಲಂನಲ್ಲಿ ಜಾಲಿ ಬದಲು "ನಾನೇ" ಅಂತ ಬರೆದೆ.

ಆ ಪಟ್ಟಿ ವ್ಯರ್ಥ ಆಗಲಿಲ್ಲ. ಅದಕ್ಕೆ ಇನ್ನಷ್ಟು ತುಂಡು ಸೇರಿಸಿ ಕ್ಯಾರಿಯರ್‌ಗೆ ನೇತುಹಾಕುವ ಚೀಲ ಮಾಡಿಸಿದೆ. ಬಣ್ಣ ಬಿಡುತ್ತದೆ ಅಷ್ಟೆ. ಟಿಫನ್ ಡಬ್ಬಿಯ ತಳ ನೀಲಿಯಾಗಿದೆ.

ಮೇ

ಚಾಚಾ ಹೇಳಿದ ಉಪಾಯ ಬೇರೆ. ಹಳೇ ಟ್ಯೂಬಿನ ವಾಲ್ವ್ ಕತ್ತರಿಸಿ ಬಿಸಾಕಿ, ರಿಮ್ ಕಡೆಯ ಭಾಗವನ್ನು ಉದ್ದಕ್ಕೆ ಸೀಳಿ, ಒಳ್ಳೆ ಟ್ಯೂಬಿನ ಮೇಲೆ ಅಂಗಿ ತೊಡಿಸಿದ ಹಾಗೆ ಹಾಕೋದು. ಮಧ್ಯೆ ಸ್ವಲ್ಪ ಪೌಡರ್. ಮನೆಯಲ್ಲಿದ್ದ ಪಾಂಡ್ಸ್ ಸಾಕಾಯಿತು. ತುಳಿಯೋಕೆ ಕೊಂಚ ಭಾರ. ಆದರೆ ರಬ್ಬರ್ ಬಟ್ಟೆಯ ಹಾಗಲ್ಲ, ಎಳೆ ಸರಿಸೋಕೆ ಜಾಗ ಕೊಡಲ್ಲ. ಮೇ 4ಕ್ಕೆ ಹಾಕಿದೆ. 19ರವರೆಗೆ ಏನೂ ಆಗಲಿಲ್ಲ. 19ಕ್ಕೆ ಒಂದೂವರೆ ಇಂಚಿನ ಮುಳ್ಳು ಟೈರ್, ಅಂಗಿ, ಟ್ಯೂಬ್ ಮೂರನ್ನೂ ದಾಟಿತು. ಹನ್ನೊಂದನೆಯದು.

ಅವತ್ತು ರಾತ್ರಿ ನೋಟ್‌ಬುಕ್ ತೆಗೆದು "ಎಲ್ಲಿ" ಅನ್ನುವ ಕಾಲಂ ಮಾತ್ರ ಓದುತ್ತಾ ಹೋದೆ. ಹನ್ನೊಂದರಲ್ಲಿ ಒಂದು ನಾನೇ ಮಾಡಿಕೊಂಡದ್ದು. ಉಳಿದ ಹತ್ತರಲ್ಲಿ ಏಳು ಒಂದೇ ಕಡೆ, ಮುಂಡರಗಿ ರಸ್ತೆಯಲ್ಲಿ ಖಾಲಿ ಸೈಟುಗಳಿರುವ ಸುಮಾರು ಮುನ್ನೂರು ಮೀಟರ್ ಉದ್ದದಲ್ಲಿ. ಮೂರು ತಿಂಗಳು ಟೈರಿನ ಒಳಗೇ ತಲೆ ಹಾಕಿ ಕೂತಿದ್ದೆ, ರಸ್ತೆ ನೋಡಿರಲಿಲ್ಲ.

ಮರುದಿನ ಅಲ್ಲಿ ಇಳಿದು ನಡೆದೆ. ಡಾಂಬರಿನ ಅಡ್ಡಕ್ಕೆ ಕೆರೆದ ಗೆರೆಗಳಿದ್ದವು, ಗೆರೆಯುದ್ದಕ್ಕೂ ಮುಳ್ಳಿನ ಚೂರು. ಸ್ವಲ್ಪ ಹೊತ್ತಿಗೆ ಕಾರಣವೂ ಬಂತು. ಒಬ್ಬ ಅಜ್ಜ ಈ ಕಡೆಯ ಸೈಟಿನಲ್ಲಿ ಜಾಲಿ ಕಡಿದು, ಹಗ್ಗ ಕಟ್ಟಿ, ದರದರ ಎಳೆದುಕೊಂಡು ಆ ಕಡೆಯ ಕುರಿ ಹಟ್ಟಿಗೆ ಒಯ್ಯುತ್ತಿದ್ದ. ಬೇಲಿಗೆ.

"ಅಜ್ಜಾ, ರೋಡ್ ಮ್ಯಾಲೆ ಎಳಕೊಂಡು ಹೋಗಬ್ಯಾಡ್ರಿ, ಸೈಕಲ್ ಪಂಚರ್ ಆಗ್ತಾವು" ಅಂದೆ. ಏಳು ಸಲ ಅಂತಲೂ ಹೇಳಿ ನೋಟ್‌ಬುಕ್ ತೋರಿಸಿದೆ. ಯಾಕೆ ತೋರಿಸಿದೆನೋ.

ಅಜ್ಜ ಪುಸ್ತಕ ನೋಡಲಿಲ್ಲ. ಚಪ್ಪಲಿ ಬಿಚ್ಚಿ ಅಂಗಾಲು ಎತ್ತಿ ತೋರಿಸಿದ. ಕಪ್ಪು ಚುಕ್ಕೆಗಳು, ಹಳೆಯವು, ಹೊಸವು. "ನೀ ಏಳು ಬರಕೊಂಡಿ. ಇದನ್ನ ಎಣಿಸು ನೋಡಾನ."

ಎಣಿಸಲಿಲ್ಲ. ಬ್ಯಾಗಿನಲ್ಲಿದ್ದ ಚಿಮಟ ಕೊಟ್ಟೆ, ಟೈರಿನ ಮುಳ್ಳು ಕೀಳೋಕೆ ಇಟ್ಟುಕೊಂಡಿದ್ದು. ಅಲ್ಲೇ ಕಲ್ಲಿನ ಮೇಲೆ ಕೂತು ಒಂದು ಮುಳ್ಳು ಕಿತ್ತುಕೊಂಡ, ಚಿಮಟವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ. ವಾಪಸ್ ಕೇಳೋಕೆ ಮನಸ್ಸಾಗಲಿಲ್ಲ.

ಎರಡು ದಿನ ಬಿಟ್ಟು ನೋಡಿದರೆ ಜಾಲಿ ಹೊರೆಯ ಕೆಳಗೆ ಹರಕು ತಾಡಪಾಲು. ಅದರ ಮೇಲೆ ಹೇರಿ ಎಳೆಯುತ್ತಿದ್ದ. ರಸ್ತೆಗೆ ಚೂರು ಬೀಳೋದು ಪೂರ್ತಿ ನಿಂತಿಲ್ಲ, ಜಾಸ್ತಿಯೇನೂ ಇಲ್ಲ.

ಜೂನ್

ಇಪ್ಪತ್ತಮೂರು ದಿನ, ಪಂಚರ್ ಇಲ್ಲ. ಟ್ಯೂಬಿನ ಅಂಗಿಯದೋ ತಾಡಪಾಲಿನದೋ ಪುಣ್ಯ ಅಂತ ಹೇಳೋಕೆ ಬರಲ್ಲ. ಪ್ರಯೋಗ ಅಂದರೆ ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು ಅಂತ ಮಗಳು ಹೇಳಿದಳು. ಟೈರ್ ಬಿಚ್ಚಿ ಅಂಗಿ ತೆಗೆದು ನೋಡೋ ಧೈರ್ಯ ನನಗಿಲ್ಲ.

ಮೊದಲ ದೊಡ್ಡ ಮಳೆಗೆ ಅಂಡರ್‌ಬ್ರಿಡ್ಜ್ ಕೆಳಗೆ ನೀರು ನಿಂತಿತು. ಎಂದಿನಂತೆ. ಪೆಡಲ್ ಮುಳುಗುವಷ್ಟು ನೀರಲ್ಲಿ ಹಟಕ್ಕೆ ಬಿದ್ದು ತುಳಿದೆ. ಮೂರು ದಿನಕ್ಕೆ ಬಿಬಿ, ಅಂದರೆ ಪೆಡಲ್‌ಗಳ ನಡುವೆ ತಿರುಗುವ ಅಚ್ಚಿನ ಭಾಗ, ಕಟಕಟ ಅನ್ನತೊಡಗಿತು. ಚಾಚಾ ಬಿಚ್ಚಿದಾಗ ಗ್ರೀಸ್ ಇರಬೇಕಾದ ಕಡೆ ಕೆಂಪು ಕೆಸರು. ಗುಂಡುಗಳನ್ನು ಡೀಸೆಲ್‌ನಲ್ಲಿ ತೊಳೆದು ಹೊಸ ಗ್ರೀಸ್ ಮೆತ್ತಿದರು. ಇನ್ನು ಮೇಲೆ ಮಳೆ ಬಂದರೆ ಇಳಿದು ಕಾಯೋದೇ.

ಈಗ ತಲೆನೋವು ಗಾಳಿ. ಆಷಾಢ ಇನ್ನೂ ಬಂದಿಲ್ಲ, ಗಾಳಿ ಮಾತ್ರ ಬಂದಿದೆ. ಸಂಜೆ ಮನೆಗೆ ಬರುವಾಗ ಎದೆಗೇ ಹೊಡೆಯುತ್ತದೆ. ಸೀಮೆಸುಣ್ಣದಲ್ಲಿ ಗುರುತು ಹಾಕಿ ಚೈನ್ ಕೂರುವ ಹಲ್ಲು ಎಣಿಸಿದೆ: ಮುಂದೆ 44, ಹಿಂದಿನ ಫ್ರೀವೀಲ್‌ನಲ್ಲಿ 18. ಒಂದು ಸುತ್ತು ತುಳಿದರೆ ಸೈಕಲ್ ಸುಮಾರು ಐದೂವರೆ ಮೀಟರ್ ಹೋಗುತ್ತದೆ. ಹಿಂದೆ 22 ಹಲ್ಲಿನದು ಹಾಕಿದರೆ ನಾಲ್ಕೂವರೆ ಮೀಟರ್. ನಿಧಾನ ಆಗುತ್ತದೆ, ಮೊಣಕಾಲು ಉಳಿಯುತ್ತದೆ. ಚೈನ್ ಬಹುಶಃ ಉದ್ದ ಮಾಡಬೇಕಾಗಬಹುದು.

ಗುರುವಾರ ಬರ್ರಿ, ತರಿಸಿಡ್ತೀನಿ ಅಂದಿದ್ದಾರೆ ಚಾಚಾ. ಜೊತೆಗೆ ಒಂದು ಚಿಮಟ ಕೂಡ ಹೇಳಿದ್ದೇನೆ.